ಮರಳಿಸುವುದು ಬೇಡ, ಮುಂದಕ್ಕೆ ಕೊಡಿ

ಕಳೆದ ತಿಂಗಳು ನಮ್ಮ ಮದ್ರಸದಲ್ಲಿ ಝಕಾತ್‌ನ ಪಾಠ ನಡೆಯುತ್ತಿತ್ತು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಿದ್ದರು. ಫಕೀರ್, ಮಿಸ್ಕೀನ್ ಎಂದು ಶುರುವಾಗುವ ಆ ಪಟ್ಟಿಯ ಕೊನೆಯಲ್ಲಿ ಬರುವುದು ಇಬ್ನು ಸ್ಸಬೀಲ್. ಪ್ರಯಾಣದಲ್ಲಿ ಕೈ ಖಾಲಿಯಾದವನು ಎಂದರ್ಥ. ಪದಕ್ಕೆ ಪದ ಹಿಡಿದು ಹೇಳಿದರೆ, ದಾರಿಯ ಮಗ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. “ಉಸ್ತಾದ್, ಬಡವರಿಗೆ ಕೊಡುವುದು ಸರಿ. ದಾರಿಯಲ್ಲಿ ಹೋಗುವವನಿಗೆ ಯಾಕೆ? ಅವನು ಯಾರಂತ ನಮಗೆ ಗೊತ್ತೇ ಇರುವುದಿಲ್ಲ. ಅವನು ವಾಪಸ್ ಬರುವುದೂ ಇಲ್ಲ.”

ಉಳಿದ ಮಕ್ಕಳು ನಕ್ಕರು. ಊರಿನಲ್ಲಿ ಎಷ್ಟೇ ಅನುಕೂಲಸ್ಥನಾದರೂ ದಾರಿಯಲ್ಲಿ ದುಡ್ಡು ಕಳಕೊಂಡವನು ಆ ಹೊತ್ತಿಗೆ ಬಡವನೇ ಎಂದು ಕಿತಾಬಿನಲ್ಲಿ ಇರುವ ಉತ್ತರವನ್ನೇ ಕೊಟ್ಟೆ. ಹುಡುಗ ತಲೆಯಾಡಿಸಿದ. ಆದರೆ ನನಗೆ ಸಮಾಧಾನ ಆಗಲಿಲ್ಲ. ಯಾಕೆಂದರೆ ಅವನ ಪ್ರಶ್ನೆಗೆ ನನ್ನ ಬಳಿ ಇನ್ನೊಂದು ಉತ್ತರ ಉಂಟು. ಮೂವತ್ತು ವರ್ಷದಿಂದ ಅದು ನನ್ನ ಬಳಿಯೇ ಇದೆ. ಅದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೀಡಿ ಬುಟ್ಟಿಯ ಹೆಂಗಸು

ನಾನು ಪುತ್ತೂರಿನ ಕಡೆ ದರ್ಸಿನಲ್ಲಿ ಕಲಿಯುತ್ತಿದ್ದ ಕಾಲ. ಹದಿನಾಲ್ಕು ಹದಿನೈದು ವರ್ಷ ಇರಬಹುದು. ತಿಂಗಳಿಗೊಮ್ಮೆ ಮನೆಗೆ ಹೋಗಲು ರಜೆ. ಬಾಪ ಹಿಂದಿನ ಸಲ ಕೊಟ್ಟಿದ್ದ ಹತ್ತು ರೂಪಾಯಿಯ ನೋಟೊಂದನ್ನು ಅಂಗಿಯ ಕಿಸೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಮಂಗಳೂರಿನ ಬಸ್ ಹತ್ತಿದೆ. ಮಾಣಿ ದಾಟಿದ ಮೇಲೆ ಕಂಡಕ್ಟರ್ ಬಂದ. ಕಿಸೆಗೆ ಕೈ ಹಾಕಿದರೆ ನೋಟು ಇಲ್ಲ. ಪಳ್ಳಿಯಲ್ಲಿ ವುಝೂ ಮಾಡಲು ಬಗ್ಗಿದಾಗ ಬಿದ್ದಿರಬೇಕು.

ಕಂಡಕ್ಟರನದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಇಂಥ ಕತೆಗಳನ್ನು ಅವನು ದಿನಾ ಕೇಳುತ್ತಿದ್ದಿರಬೇಕು. “ಕಲ್ಲಡ್ಕದಲ್ಲಿ ಇಳಿ” ಎಂದು ಮುಂದೆ ಹೋದ. ಬಸ್ಸಿನಲ್ಲಿ ಅಷ್ಟು ಜನ ಇದ್ದರು. ನನ್ನ ತಲೆಯ ಮೇಲಿನ ಟೊಪ್ಪಿಯನ್ನೂ ಕಣ್ಣಿನಲ್ಲಿ ತುಂಬಿದ ನೀರನ್ನೂ ಎಲ್ಲರೂ ನೋಡಿದರು, ನೋಡಿ ಕಿಟಕಿಯ ಹೊರಗೆ ಮುಖ ಮಾಡಿದರು.

ಮುಂದಿನ ಸೀಟಿನಲ್ಲಿ ಒಬ್ಬರು ಹೆಂಗಸು ಕೂತಿದ್ದರು. ಕಾಲ ಬಳಿ ಬಟ್ಟೆ ಮುಚ್ಚಿದ ಬೀಡಿಯ ಬುಟ್ಟಿ. ಹಣೆಯಲ್ಲಿ ಕುಂಕುಮ. ಕಂಡಕ್ಟರನನ್ನು ಕರೆದು, ಸೊಂಟದಲ್ಲಿ ಸಿಕ್ಕಿಸಿದ್ದ ಚಿಕ್ಕ ಪರ್ಸ್ ತೆಗೆದು, ಚಿಲ್ಲರೆ ಎಣಿಸಿ ನನ್ನ ಟಿಕೆಟ್ ಮಾಡಿಸಿದರು. ನಾನು ಹತ್ತಿರ ಹೋಗಿ, “ದುಡ್ಡು ಎಲ್ಲಿಗೆ ತಂದು ಕೊಡಬೇಕು?” ಎಂದು ಕೇಳಿದೆ. ಅವರು ತುಳುವಿನಲ್ಲಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. “ಎಂಕ್ ಕೊರೊಡ್ಚಿ ಮಗಾ, ಬೇತೆ ಏರೆಗಾಂಡಲಾ ಕೊರ್ಲ.” ನನಗೆ ಕೊಡಬೇಡ ಮಗಾ, ಬೇರೆ ಯಾರಿಗಾದರೂ ಕೊಡು. ಬಿ.ಸಿ. ರೋಡಿನಲ್ಲಿ ಅವರು ಬುಟ್ಟಿ ಎತ್ತಿಕೊಂಡು ಇಳಿದು ಹೋದರು. ಹೆಸರು ಕೇಳಲಿಲ್ಲ. ಆಮೇಲೆ ಅವರನ್ನು ನೋಡಿದ್ದೂ ಇಲ್ಲ.

ಮನೆಗೆ ಬಂದು ಉಮ್ಮನಿಗೆ ಹೇಳಿದೆ. ಉಮ್ಮ ಆಗ ಬೀಡಿಯ ಸೂಪು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಮ್ಮ ಮನೆ ನಡೆಯುತ್ತಿದ್ದುದೂ ಬೀಡಿಯಿಂದಲೇ. ಟಿಕೆಟಿಗೆ ಎಷ್ಟಾಯಿತು ಎಂದು ಕೇಳಿ, ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಾದರು. ಅಷ್ಟು ದುಡ್ಡಿಗೆ ಎಷ್ಟು ಎಲೆ ಕತ್ತರಿಸಬೇಕು, ಎಷ್ಟು ಬೀಡಿ ಸುತ್ತಬೇಕು, ಅದರಲ್ಲಿ ಬ್ರಾಂಚಿನವರು ಎಷ್ಟನ್ನು ಸರಿ ಇಲ್ಲವೆಂದು ತೆಗೆದು ಹಾಕುತ್ತಾರೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. “ಪಾಪ, ಅವಳ ಅರ್ಧ ದಿನದ ಬೆರಳು ಅದು” ಎಂದರು. ಆಮೇಲೆ, “ಅವಳು ಹೇಳಿದ ಹಾಗೆ ಮಾಡು. ಮರೆಯಬೇಡ” ಎಂದರು.

ಮುಯ್ಯಿಯ ಪುಸ್ತಕದಲ್ಲಿ ಇಲ್ಲದ ಸಾಲ

ಕೊಟ್ಟದ್ದನ್ನು ಮರಳಿಸುವುದು ನಮಗೆ ಚೆನ್ನಾಗಿ ಗೊತ್ತು. ಮದುವೆ ಮನೆಗಳಲ್ಲಿ ಯಾರು ಎಷ್ಟು ಮುಯ್ಯಿ ಕೊಟ್ಟರು ಎಂದು ಬರೆದಿಡುವ ಪುಸ್ತಕ ಎಷ್ಟೋ ಮನೆಗಳ ಕಪಾಟಿನಲ್ಲಿ ಈಗಲೂ ಉಂಟು. ಅವರ ಮನೆಯ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ, ಅಷ್ಟನ್ನೇ ಅಥವಾ ಸ್ವಲ್ಪ ಹೆಚ್ಚು ಕೊಟ್ಟು ಬರುತ್ತೇವೆ. ಅದು ಒಳ್ಳೆಯ ಕ್ರಮವೇ. ನೆಂಟಸ್ತಿಕೆ, ನೆರೆಹೊರೆ ಅದರಿಂದ ಉಳಿಯುತ್ತದೆ. ಆದರೆ ಅದು ಗುರುತಿನವರ ನಡುವೆಯೇ ಸುತ್ತುವ ದುಡ್ಡು. ಅಪರಿಚಿತ ಹೆಂಗಸು ಬಸ್ಸಿನಲ್ಲಿ ಕೊಟ್ಟ ಟಿಕೆಟನ್ನು ಆ ಪುಸ್ತಕದಲ್ಲಿ ಬರೆಯಲು ಆಗುವುದಿಲ್ಲ. ಮರಳಿಸಬೇಕೆಂದರೆ ವಿಳಾಸವೇ ಇಲ್ಲ. ಇರುವ ದಾರಿ ಒಂದೇ, ಮುಂದೆ ಸಿಗುವ ಬೇರೊಬ್ಬರಿಗೆ ಕೊಡುವುದು.

ಎಷ್ಟೋ ವರ್ಷದ ಮೇಲೆ ಲೈಬ್ರರಿಯಲ್ಲಿ ಓದುವಾಗ ನನಗೊಂದು ಸಂಗತಿ ಸಿಕ್ಕಿತು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಕಷ್ಟದಲ್ಲಿದ್ದ ಒಬ್ಬರಿಗೆ ಹಣ ಕಳುಹಿಸಿ ಒಂದು ಪತ್ರ ಬರೆದರಂತೆ. ಇದನ್ನು ನನಗೆ ವಾಪಸ್ ಕೊಡುವುದು ಬೇಡ, ನಿಮ್ಮ ಹಾಗೆಯೇ ಕಷ್ಟದಲ್ಲಿರುವ ಪ್ರಾಮಾಣಿಕ ಮನುಷ್ಯ ಸಿಕ್ಕಾಗ ಅವನಿಗೆ ಕೊಡಿ, ಅವನಿಗೂ ಹಾಗೆಯೇ ಮಾಡಲು ಹೇಳಿ ಎಂಬುದು ಅದರ ಸಾರಾಂಶ. ಸ್ವಲ್ಪ ದುಡ್ಡಿನಿಂದ ತುಂಬ ಜನರಿಗೆ ಉಪಕಾರವಾಗಲು ಇದೊಂದು ಉಪಾಯ ಎಂದು ಅವರು ಭಾವಿಸಿದ್ದರು. ಓದಿ ನನಗೆ ಆಶ್ಚರ್ಯವಾಯಿತು. ಇದೇ ಮಾತನ್ನು ಯಾವ ಪುಸ್ತಕದ ಸಹಾಯವೂ ಇಲ್ಲದೆ ಬೀಡಿ ಕಟ್ಟುವ ಹೆಂಗಸೊಬ್ಬರು ತುಳುವಿನಲ್ಲಿ ನಾಲ್ಕೈದು ಪದದಲ್ಲಿ ಹೇಳಿದ್ದರಲ್ಲ!

ನಾನು ನಿಲ್ಲಿಸದ ಸ್ಕೂಟರ್

ಇಷ್ಟೆಲ್ಲ ಹೇಳುವ ನಾನು ಆ ಸಾಲವನ್ನು ಸರಿಯಾಗಿ ತೀರಿಸಿದ್ದೇನೆಯೇ? ಇಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಅಸರ್ ನಮಾಝ್ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದೆ. ಆಗಷ್ಟೇ ಮಳೆ ಬಿಟ್ಟಿತ್ತು. ಹೆದ್ದಾರಿಯ ತಿರುವಿನಲ್ಲಿ ಬೈಕೊಂದು ಜಾರಿ, ಒಬ್ಬ ಯುವಕ ರಸ್ತೆಯ ಪಕ್ಕ ಬಿದ್ದಿದ್ದ. ಕಾಲು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ನಾನು ಸ್ಕೂಟರ್ ನಿಧಾನ ಮಾಡಿದೆ. ಆಗ ಮನಸ್ಸಿನಲ್ಲಿ ಏನೆಲ್ಲ ಬಂತು ಗೊತ್ತುಂಟಾ? ಪೊಲೀಸ್ ಸ್ಟೇಷನ್, ಸಾಕ್ಷಿ, ಕೋರ್ಟಿಗೆ ಅಲೆದಾಟ, ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ಎಂದರೆ ಎಂತ ಮಾಡುವುದು, ನೀನೇ ಗುದ್ದಿದ್ದು ಎಂದು ಯಾರಾದರೂ ಹೇಳಿದರೆ? ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಮುಂದೆ ಹೋದೆ.

ಯಾರೋ ನೋಡಿಕೊಂಡರು. ಮೀನಿನ ಟೆಂಪೊದ ಡ್ರೈವರ್ ಒಬ್ಬ ಬಾಕ್ಸ್‌ಗಳನ್ನು ಬದಿಗೆ ಸರಿಸಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದನಂತೆ. ಕಾಲು ಮುರಿದಿತ್ತು, ಜೀವಕ್ಕೆ ಅಪಾಯ ಆಗಲಿಲ್ಲ ಎಂದು ಮರುದಿನ ತಿಳಿಯಿತು. ಅಲ್ ಹಂದುಲಿಲ್ಲಾಹ್ ಎಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಿಟಕಿಯ ಹೊರಗೆ ಮುಖ ಮಾಡಿದ ಬಸ್ಸಿನ ಜನರ ಮೇಲೆ ಅಷ್ಟು ವರ್ಷ ನನಗೊಂದು ಸಿಟ್ಟು ಇತ್ತು. ಅವತ್ತು ನಾನೂ ಅವರಲ್ಲಿ ಒಬ್ಬನಾದೆ. ದಾರಿಯ ಬದಿಯ ಮುಳ್ಳು, ಕಲ್ಲು ತೆಗೆದು ಹಾಕುವುದೂ ಸದಖ ಎಂದು ಪ್ರವಾದಿಯವರು ಕಲಿಸಿದ್ದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟವನು ನಾನು. ದಾರಿಯಲ್ಲಿ ಬಿದ್ದ ಮನುಷ್ಯನನ್ನೇ ದಾಟಿ ಹೋಗಿದ್ದೆ.

ಆಗ ನನಗಿದ್ದ ಹೆದರಿಕೆ ನಿಮ್ಮಲ್ಲೂ ಹಲವರಿಗೆ ಇರಬಹುದು. ಈಗ ಅದಕ್ಕೆ ಕಾರಣ ಇಲ್ಲ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅಪಘಾತದಲ್ಲಿ ನೆರವಾಗುವವರಿಗೆ ತೊಂದರೆ ಕೊಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ 134ಎ ಎಂಬ ಸೆಕ್ಷನ್ ಸೇರಿಸಿದರು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ, ಆಮೇಲೆ ಗಾಯಾಳುವಿಗೆ ಏನೇ ಆದರೂ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಆಗಬೇಕೋ ಬೇಡವೋ ಎನ್ನುವುದು ಅವನ ಇಷ್ಟ. ಕರೆದುಕೊಂಡು ಬಂದವನ ಕೈಯಲ್ಲಿ ಆಸ್ಪತ್ರೆಯವರು ಹಣ ಕಟ್ಟಿಸುವಂತಿಲ್ಲ. ಅಪಘಾತವಾದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ನಿಮಗೆ ಎತ್ತಲು ಧೈರ್ಯ ಇಲ್ಲದಿದ್ದರೆ ಬೇಡ, ಸ್ಕೂಟರ್ ನಿಲ್ಲಿಸಿ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಅವನ ಬಳಿ ನಿಂತರೂ ಸಾಕು. ಅವತ್ತು ನಾನು ಅಷ್ಟನ್ನಾದರೂ ಮಾಡಬಹುದಿತ್ತು.

ರಕ್ತದ ಚೀಲದಲ್ಲಿ ಹೆಸರು ಇರುವುದಿಲ್ಲ

ನನ್ನ ಎರಡನೇ ಮಗುವಿನ ಹೆರಿಗೆಯ ದಿನ ರಾತ್ರಿ ಮಡದಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅವಳದ್ದು ನೆಗೆಟಿವ್ ಗುಂಪು, ಸುಲಭದಲ್ಲಿ ಸಿಗುವಂಥದ್ದಲ್ಲ. ಬ್ಲಡ್ ಬ್ಯಾಂಕಿನಲ್ಲಿ ಎರಡೇ ಯೂನಿಟ್ ಇತ್ತು. ಅದನ್ನು ಕೊಟ್ಟರು. ಬದಲಿಗೆ ಯಾರಾದರೂ ಬಂದು ಕೊಟ್ಟರೆ ಒಳ್ಳೆಯದು, ಇನ್ನೊಬ್ಬರಿಗೆ ಬೇಕಾಗುತ್ತದೆ ಎಂದರು. ಸ್ನೇಹಿತನೊಬ್ಬ ರಕ್ತದಾನಿಗಳ ಗ್ರೂಪಿಗೆ ಮೆಸೇಜ್ ಹಾಕಿದ. ರಾತ್ರಿ ಹನ್ನೊಂದು ಗಂಟೆಗೆ ಇಬ್ಬರು ಬಂದರು. ಒಬ್ಬ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಬಂದ ಹುಡುಗ. ಇನ್ನೊಬ್ಬರು ಆಟೊ ಓಡಿಸುವ ಮಧ್ಯವಯಸ್ಕರು. ಫಾರಂ ತುಂಬುವಾಗ ನೋಡಿದೆ, ಒಬ್ಬರ ಹೆಸರು ನಮ್ಮವರ ಹಾಗೆ, ಇನ್ನೊಬ್ಬರದ್ದು ಅಲ್ಲ. ರಕ್ತದ ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಎರಡೂ ಹೆಸರು ಇರಲಿಲ್ಲ. ಗುಂಪು, ನಂಬರ್, ತಾರೀಕು ಅಷ್ಟೆ.

ಆಮೇಲೆ ಯೋಚನೆ ಮಾಡಿದರೆ, ಅವರಿಬ್ಬರ ರಕ್ತ ನನ್ನ ಮಡದಿಗೆ ಬರಲೇ ಇಲ್ಲ. ಅವಳಿಗೆ ಏರಿಸಿದ್ದು ಎಷ್ಟೋ ದಿನದ ಹಿಂದೆ ಯಾರೋ ಕೊಟ್ಟು ಹೋದದ್ದು. ಇವರಿಬ್ಬರು ಕೊಟ್ಟದ್ದು ಪರೀಕ್ಷೆ ಎಲ್ಲ ಆಗಿ ಮುಂದೆ ಯಾರಿಗೋ ಹೋಗಿರುತ್ತದೆ. ಕೊಟ್ಟವರಿಗೂ ಪಡೆದವರಿಗೂ ಪರಸ್ಪರ ಗುರುತಿಲ್ಲ. ಆದರೂ ನನ್ನ ಮನೆಯ ದೀಪ ಆರಲಿಲ್ಲ.

ಹೊರಡುವಾಗ ಆಟೊದವರ ಕೈಗೆ ಬಾಡಿಗೆಯನ್ನಾದರೂ ಕೊಡಲು ಹೋದೆ. ಅವರು ಕೈ ಹಿಂದೆ ತೆಗೆದುಕೊಂಡರು. “ನೀವೂ ಒಮ್ಮೆ ಬಂದು ಕೊಡಿ ಉಸ್ತಾದ್ರೆ, ಆಯ್ತಲ್ಲ” ಎಂದರು. ಮತ್ತೆ ಅದೇ ಮಾತು! ಬಿ.ಸಿ. ರೋಡಿನಲ್ಲಿ ಇಳಿದು ಹೋದ ಹೆಂಗಸೇ ಎದುರು ಬಂದು ನಿಂತ ಹಾಗಾಯಿತು.

ನಿಜ ಹೇಳಬೇಕೆಂದರೆ ನನಗೆ ಸೂಜಿ ಎಂದರೆ ಹೆದರಿಕೆ. ಅಲ್ಲಿಯವರೆಗೆ ಒಮ್ಮೆಯೂ ರಕ್ತ ಕೊಟ್ಟಿರಲಿಲ್ಲ. ಎರಡು ತಿಂಗಳ ಮೇಲೆ ಶಿಬಿರವೊಂದಕ್ಕೆ ಹೋಗಿ, ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿ ಕೊಟ್ಟೆ. ಇರುವೆ ಕಚ್ಚಿದಷ್ಟೇ ನೋವು. ಈಗಲೂ ಕಣ್ಣು ಮುಚ್ಚಿಯೇ ಕೊಡುತ್ತೇನೆ, ಆದರೆ ಹೋಗುವುದನ್ನು ಬಿಟ್ಟಿಲ್ಲ.

ಓದುವವರಿಗೆ ಉಪಯೋಗವಾಗಲಿ ಎಂದು ಕೆಲವು ವಿಷಯ ಹೇಳುತ್ತೇನೆ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕ ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಸಾಮಾನ್ಯವಾಗಿ ತೆಗೆಯುವುದು 350 ಮಿಲಿ ಲೀಟರ್. ಅದನ್ನು ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಒಂದು ಚೀಲದಿಂದ ಮೂವರಿಗೆ ಉಪಕಾರವಾಗಬಹುದು. ಪ್ಲೇಟ್‌ಲೆಟ್ ಐದೇ ದಿನ ಉಳಿಯುತ್ತದೆ. ಅದಕ್ಕೇ ಒಮ್ಮೆ ದೊಡ್ಡ ಶಿಬಿರ ಮಾಡಿ ಮುಗಿಸಿದರೆ ಸಾಲದು, ವರ್ಷವಿಡೀ ಜನ ಬರುತ್ತಾ ಇರಬೇಕು. ಹಿಂದೆ ದುಡ್ಡಿಗೆ ರಕ್ತ ಮಾರುವವರೂ ಇದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಪ್ರಕಾರ 1998ರ ಜನವರಿಯಿಂದ ಅದು ನಿಂತಿತು. ಹಾಗಾಗಿ ಇವತ್ತು ನಮ್ಮ ದೇಶದ ಬ್ಲಡ್ ಬ್ಯಾಂಕಿನಲ್ಲಿ ಇರುವ ರಕ್ತವೆಲ್ಲ ಯಾರೋ ಸುಮ್ಮನೆ ಕೊಟ್ಟು ಹೋದದ್ದೇ. ನಮ್ಮ ಸಮುದಾಯದ ಯುವಕರು ಈ ಕೆಲಸದಲ್ಲಿ ಮುಂದೆ ಇದ್ದಾರೆ. ರಮಝಾನಿನಲ್ಲಿ ಇಫ್ತಾರ್ ಮುಗಿಸಿ ಬಂದು ಕೊಡುವವರನ್ನು ನಾನೇ ನೋಡಿದ್ದೇನೆ. ಅವರಿಗೆ ಅಲ್ಲಾಹನು ಒಳ್ಳೆಯದು ಮಾಡಲಿ.

ಕಿತ್ತಳೆಯ ಬೆಲೆ ಕೇಳಿದ ಅಪರಿಚಿತರು

ಉಪಕಾರ ಪಡೆದವನು ಉಪಕಾರವನ್ನು ಮುಂದಕ್ಕೆ ಕೊಡುತ್ತಾನೆ, ಸರಿ. ಏನೂ ಸಿಗದವನು ಎಂತ ಕೊಡುವುದು? ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ, ನಿಮಗೆಲ್ಲ ಗೊತ್ತಿರುವ ಹರೇಕಳ ಹಾಜಬ್ಬರು.

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಅವರ ಬಳಿ ವಿದೇಶಿಯರು ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬರಿಗೆ ಅರ್ಥವಾಗಲಿಲ್ಲ. ಅವರು ಹೊರಟು ಹೋದರು. ಬೇರೆ ಯಾರಾದರೂ ಆಗಿದ್ದರೆ ಒಂದು ವ್ಯಾಪಾರ ಹೋಯಿತು ಎಂದು ಸುಮ್ಮನಾಗುತ್ತಿದ್ದರು. ಹಾಜಬ್ಬರು ಆ ಅವಮಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ನನ್ನ ಊರಿನ ಮಕ್ಕಳಿಗೆ ಹೀಗಾಗಬಾರದು ಎಂದುಕೊಂಡರು. ಕಿತ್ತಳೆ ಮಾರಿದ ದುಡ್ಡಿನಲ್ಲಿ ಉಳಿಸಿ, ಕಚೇರಿಯಿಂದ ಕಚೇರಿಗೆ ನಡೆದು, ನ್ಯೂಪಡ್ಪುವಿನಲ್ಲಿ 2000ದ ಹೊತ್ತಿಗೆ ಶಾಲೆ ಶುರುವಾಗುವಂತೆ ಮಾಡಿದರು. ಮೊದಲು ಇದ್ದುದು 28 ಮಕ್ಕಳು. ಆಮೇಲೆ ಅದು ಹೈಸ್ಕೂಲಿನವರೆಗೆ ಬೆಳೆಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಅವರು ಅದನ್ನು ಪಡೆದು ಬಂದರು.

ನಾವು ಪದ್ಮಶ್ರೀಯ ಬಗ್ಗೆ ತುಂಬ ಮಾತಾಡುತ್ತೇವೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ತನಗೆ ಸಿಕ್ಕಿದ್ದನ್ನು ಮುಂದಕ್ಕೆ ಕೊಡುವುದು ಒಂದು ರೀತಿ. ತನಗೆ ಸಿಗದೇ ಹೋದದ್ದನ್ನು ಇನ್ನೊಬ್ಬರಿಗೆ ಸಿಗುವಂತೆ ಮಾಡುವುದು ಅದಕ್ಕಿಂತ ಕಷ್ಟ. ನನಗೆ ಯಾರು ಸಹಾಯ ಮಾಡಿದ್ದಾರೆ ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆ ಕೇಳಲು ಹಾಜಬ್ಬರಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿತ್ತು. ಅವರು ಕೇಳಲಿಲ್ಲ.

ಫೋಟೊ ತೆಗೆಯದ ಕೈ

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಆದರೂ ಹೇಳುತ್ತೇನೆ. ಈಗ ಒಂದು ಕಿಟ್ ಕೊಡಬೇಕಾದರೆ ಐದು ಜನ ಕಿಟ್ ಹಿಡಿಯುತ್ತಾರೆ, ಒಬ್ಬ ಫೋಟೊ ತೆಗೆಯುತ್ತಾನೆ. ಪಡೆಯುವ ಹೆಂಗಸು ತಟ್ಟದ ತುದಿಯಿಂದ ಮುಖ ಮುಚ್ಚಿಕೊಂಡು ನಿಲ್ಲಬೇಕು. ಸಂಜೆಯೊಳಗೆ ಆ ಫೋಟೊ ಅವಳ ಮಗಳ ಗಂಡನ ಮನೆಯವರ ಮೊಬೈಲಿಗೂ ತಲುಪಿರುತ್ತದೆ. ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕು ಎನ್ನುತ್ತಾರೆ. ಲೆಕ್ಕ ತೋರಿಸಲು ರಶೀದಿ ಸಾಲದೇ? ಬಡವನ ಮುಖ ಯಾಕೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದ ಹಾಗೆ ಕೊಡಬೇಕು ಎಂದು ಕಲಿತವರು ನಾವು. ಕೊಟ್ಟು ಹಂಗಿಸಿದರೆ, ನೋಯಿಸಿದರೆ ಕೊಟ್ಟದ್ದೇ ವ್ಯರ್ಥವಾಗುತ್ತದೆ ಎಂದು ಸೂರಃ ಅಲ್-ಬಕರದಲ್ಲಿ ಎಚ್ಚರಿಕೆ ಉಂಟು.

ಹಿಂದಿನವರು ಇದಕ್ಕೆ ದಾರಿ ಹುಡುಕಿದ್ದರು. ಉಸ್ಮಾನಿಯಾ ಖಿಲಾಫತ್ತಿನ ಕಾಲದ ಇಸ್ತಾಂಬುಲ್ ನಗರದಲ್ಲಿ ಮಸೀದಿಗಳ ಬಳಿ ಸದಖದ ಕಲ್ಲುಗಳು ಎಂದು ಇರುತ್ತಿದ್ದವು. ಎತ್ತರದ ಕಲ್ಲಿನ ಕಂಬ, ಮೇಲೆ ಒಂದು ಗುಳಿ. ಕೊಡುವವನು ಗುಳಿಯೊಳಗೆ ಕೈ ಹಾಕಿ ನಾಣ್ಯ ಇಟ್ಟು ಹೋಗುತ್ತಿದ್ದ. ಬೇಕಾದವನು ಬಂದು ಕೈ ಹಾಕಿ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತಿದ್ದ. ದೂರದಿಂದ ನೋಡಿದವರಿಗೆ ಕೈ ಹಾಕಿದವನು ಇಟ್ಟನೋ ತೆಗೆದನೋ ತಿಳಿಯುತ್ತಿರಲಿಲ್ಲ. ಇವನೂ ಮರ್ಯಾದೆಯಿಂದ ಮನೆಗೆ ಹೋದ, ಅವನೂ ಹೋದ. ಅಂಥ ಕೆಲವು ಕಲ್ಲುಗಳು ಆ ಊರಿನಲ್ಲಿ ಈಗಲೂ ಉಳಿದಿವೆ.

ನಮ್ಮಲ್ಲಿಯೂ ಹಾಗೆ ಕೊಡುವವರು ಇಲ್ಲವೆಂದಲ್ಲ. ಕಿರಾಣಿ ಅಂಗಡಿಗೆ ಹೋಗಿ, ಇಂಥವರ ಸಾಲದ ಪುಸ್ತಕದಿಂದ ಇಷ್ಟು ಕಳೆಯಿರಿ, ಹೆಸರು ಹೇಳಬೇಡಿ ಎಂದು ದುಡ್ಡು ಕೊಟ್ಟು ಹೋಗುವ ಗಲ್ಫಿನವರು ಇದ್ದಾರೆ. ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ರಾತ್ರಿಯ ಊಟ ಕೊಡುವ ಯುವಕರು ಇದ್ದಾರೆ. ಆ ಸಾಲಿನಲ್ಲಿ ನಿಂತವರ ಊರು, ಜಾತಿ ಯಾರೂ ಕೇಳುವುದಿಲ್ಲ. ತಟ್ಟೆ ಹಿಡಿದರೆ ಸಾಕು.

ಹೆಸರು ಕೇಳುವ ಮೊದಲು

ಕಾಲ ಹೇಗಿದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಈಗ ಮನುಷ್ಯನನ್ನು ನೋಡುವ ಮೊದಲು ಹೆಸರು ನೋಡುವವರು ಹೆಚ್ಚಾಗಿದ್ದಾರೆ. ಅವರು ಹೀಗೆ ಮಾಡುತ್ತಾರೆ ಎಂದು ನಾವು ದೂರುತ್ತೇವೆ. ನಾವೂ ಎಷ್ಟೋ ಸಲ ಹಾಗೆಯೇ ಮಾಡುತ್ತೇವೆ. ನಮ್ಮವನಾದರೆ ಲಿಫ್ಟ್ ಕೊಡುವುದು, ಅಲ್ಲದಿದ್ದರೆ ಯಾಕೆ ಬೇಕು ತಲೆನೋವು ಎಂದು ಮುಂದೆ ಹೋಗುವುದು. ಅದಕ್ಕೂ ಒಂದು ಕಾರಣ ಇರುತ್ತದೆ, ಹೆದರಿಕೆ ಇರುತ್ತದೆ, ಇಲ್ಲವೆನ್ನುವುದಿಲ್ಲ.

ಆದರೆ ನಾನು ಬಿ.ಸಿ. ರೋಡಿನ ಹೆಂಗಸಿಗೆ ಸಾಲಗಾರ. ಅವರು ನನ್ನ ಟೊಪ್ಪಿ ನೋಡಿಯೂ ಕೊಟ್ಟರು. ನಾನು ಅದನ್ನು ನಮ್ಮವರಿಗೆ ಮಾತ್ರ ಕೊಟ್ಟರೆ ಸಾಲ ತೀರಿದ ಹಾಗೆ ಆಗುವುದಿಲ್ಲ. ಅದು ಎಲ್ಲಿಂದ ಬಂತೋ ಅಷ್ಟೇ ದೂರಕ್ಕೆ ಹೋಗಬೇಕು.

ಇದಕ್ಕೆ ದೊಡ್ಡ ದುಡ್ಡು ಬೇಡ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಬಿಹಾರ, ಬಂಗಾಳದ ಹುಡುಗರು ಬಸ್ಸಿನ ಬೋರ್ಡ್ ಓದಲು ಬಾರದೆ ನಿಂತಿರುತ್ತಾರೆ. ಅವರ ಬಸ್ಸನ್ನು ತೋರಿಸಿಕೊಡಿ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಯಾವ ಕೌಂಟರ್ ಎಂದು ತಿಳಿಯದೆ ನಿಂತ ಹಳ್ಳಿಯ ಅಜ್ಜಿಯ ಜೊತೆ ಆ ಕೌಂಟರಿನವರೆಗೆ ನಡೆಯಿರಿ. ಬ್ಯಾಂಕಿನಲ್ಲಿ ಫಾರಂ ತುಂಬಿಕೊಡಿ. ಕ್ಯೂನಲ್ಲಿ ಮಗು ಎತ್ತಿಕೊಂಡವರನ್ನು ಮುಂದೆ ಬಿಡಿ. ಮಳೆಗಾಲದಲ್ಲಿ ಅಂಗಡಿಯ ಜಗಲಿಯಲ್ಲಿ ಸಿಕ್ಕಿಹಾಕಿಕೊಂಡವರನ್ನು ನಿಮ್ಮ ಕೊಡೆಯಲ್ಲಿ ರಸ್ತೆ ದಾಟಿಸಿ. ಬೇಸಗೆಯಲ್ಲಿ ಗೇಟಿನ ಹೊರಗೆ ಒಂದು ಕೊಡಪಾನ ನೀರು, ಒಂದು ಲೋಟ ಇಡಿ. ದಾರಿ ತಪ್ಪಿದವನಿಗೆ ದಾರಿ ತೋರಿಸುವುದು, ನಗುಮುಖದಿಂದ ಮಾತಾಡಿಸುವುದು ಎಲ್ಲವೂ ಸದಖ ಎಂದು ಪ್ರವಾದಿಯವರು ಕಲಿಸಿದ್ದಾರೆ. ಯಾವ ಒಳ್ಳೆಯ ಕೆಲಸವನ್ನೂ ಇಷ್ಟು ಸಣ್ಣದು ಎಂದು ಕಡೆಗಣಿಸಬಾರದು ಎಂದಿದ್ದಾರೆ. ಅವರು ಮರಳಿಸಲು ಬಂದರೆ, ಬೇರೆಯವರಿಗೆ ಕೊಡಿ ಎಂದು ಒಂದು ಮಾತು ಹೇಳಿ ಬಿಡಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಅವರು ಕೊಟ್ಟರೋ ಇಲ್ಲವೋ ಎಂದು ಹಿಂದೆ ಹೋಗಿ ನೋಡುವುದು ಬೇಡ. ಮೋಸ ಮಾಡುವವರೂ ಸಿಗುತ್ತಾರೆ, ನನಗೂ ಸಿಕ್ಕಿದ್ದಾರೆ. ಹತ್ತು ಜನರಲ್ಲಿ ಒಬ್ಬ ಮೋಸಗಾರ ಎಂದು ಉಳಿದ ಒಂಬತ್ತು ಜನರನ್ನು ದಾರಿಯಲ್ಲಿ ಬಿಟ್ಟು ಹೋಗಲು ಆಗುತ್ತದೆಯೇ?

ಹಿಂದಿನ ಬೆಂಚಿನ ಹುಡುಗ

ಬೀಡಿ ಬುಟ್ಟಿಯ ಹೆಂಗಸಿನ ಕತೆಯನ್ನು ಮರುದಿನ ಮಕ್ಕಳಿಗೆ ಹೇಳಿದೆ. ಒಂದು ಹೋಂವರ್ಕನ್ನೂ ಕೊಟ್ಟೆ. ಒಂದು ವಾರದಲ್ಲಿ ಗುರುತಿಲ್ಲದ ಒಬ್ಬರಿಗೆ ಏನಾದರೂ ಒಂದು ಉಪಕಾರ ಮಾಡಬೇಕು, ದುಡ್ಡು ಖರ್ಚು ಮಾಡುವಂತಿಲ್ಲ, ಮುಂದಿನ ವಾರ ಬಂದು ಹೇಳಬೇಕು.

ವಾರ ಕಳೆದು ಕೇಳಿದೆ. ಒಬ್ಬಳು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಿದ್ದಳು. ಒಬ್ಬ ಹಿಂದಿ ಮಾತಾಡುವ ಕೆಲಸದವರಿಗೆ ಸ್ಟೇಟ್‌ಬ್ಯಾಂಕ್ ಬಸ್ ತೋರಿಸಿದ್ದ. ಹಿಂದಿ ಬಾರದೆ ಕೈಸನ್ನೆಯಲ್ಲೇ ಹೇಳಿದ್ದನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ. ಒಬ್ಬಳು ದಾರಿಯಲ್ಲಿ ಬಿದ್ದಿದ್ದ ಗಾಜಿನ ಚೂರು ಹೆಕ್ಕಿದ್ದಳು, ಅದು ಯಾರಿಗೆ ಮಾಡಿದ ಉಪಕಾರ ಎಂದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅವಳಿಗೆ ಸಂಶಯ. ಬರುತ್ತದೆ ಎಂದೆ.

ಕೊನೆಗೆ, ದಾರಿಯಲ್ಲಿ ಹೋಗುವವನಿಗೆ ಯಾಕೆ ಕೊಡಬೇಕು ಎಂದು ಕೇಳಿದ್ದ ಹುಡುಗನ ಸರದಿ. ಎದ್ದು ನಿಂತ, ಮಾತಾಡಲಿಲ್ಲ.

“ಏನು, ಮಾಡಲಿಲ್ಲವಾ?”

“ಮಾಡಿದೆ ಉಸ್ತಾದ್.”

“ಮತ್ತೆ ಹೇಳು.”

“ಹೇಳುವುದಿಲ್ಲ” ಎಂದ. “ಎಡಗೈಗೆ ಗೊತ್ತಾಗಬಾರದು ಅಂತ ನೀವೇ ಹೇಳಿದ್ದಲ್ಲ?”

ನಾನು ಕೊಟ್ಟ ಹೋಂವರ್ಕಿನಲ್ಲೇ ತಪ್ಪಿತ್ತು. ಹಾಜರಿ ಪುಸ್ತಕ ಮುಚ್ಚಿ, ಕೂತುಕೋ ಎಂದೆ. ಈಗ ಪ್ರತಿ ವಾರವೂ ಮಕ್ಕಳಿಗೆ ಅದೇ ಹೋಂವರ್ಕ್ ಉಂಟು, ಆದರೆ ಯಾರು ಏನು ಮಾಡಿದರು ಎಂದು ನಾನು ಕೇಳುವುದಿಲ್ಲ.